ಟೆಂಪ್ ಫೈಲ್ ಅಳಿಸಿದ ಮೇಲೆ ಕ್ರೋಮ್‌ನಲ್ಲಿ ಒಂದರ ಹಿಂದೊಂದು ತೊಂದರೆ

ಪ್ರಶ್ನೆ (ಉಡುಪಿಯಿಂದ)

ಎಲ್ಲರಿಗೂ ನಮಸ್ಕಾರ. ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಬಳಿ ನಮ್ಮದೊಂದು ಸಣ್ಣ ಜೆರಾಕ್ಸ್ ಅಂಗಡಿಯಿದೆ. ಪಹಣಿ ತೆಗೆದುಕೊಡುವುದು, ಕರೆಂಟ್ ಬಿಲ್ ಕಟ್ಟುವುದು, ಉದ್ಯೋಗದ ಅರ್ಜಿ ತುಂಬುವುದು ಎಲ್ಲವೂ ವಿಂಡೋಸ್ 10 ಇರುವ ಒಂದು ಹಳೆಯ ಡೆಸ್ಕ್‌ಟಾಪ್‌ನಲ್ಲೇ ನಡೆಯುತ್ತದೆ. ಸಿ ಡ್ರೈವ್ ತುಂಬಿ ಕೆಂಪು ಪಟ್ಟಿ ತೋರಿಸುತ್ತಿದ್ದುದರಿಂದ ಕಳೆದ ವಾರ ಟೆಂಪ್ ಫೋಲ್ಡರಿನಲ್ಲಿದ್ದುದನ್ನೆಲ್ಲ ಅಳಿಸಿದೆ. ಜೊತೆಗೆ ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಡಿಲೀಟ್ ಕೀಲಿಗಳನ್ನು ಒತ್ತಿದಾಗ ಬರುವ ಪಟ್ಟಿಯಲ್ಲಿ ‘ಆಲ್ ಟೈಮ್’ ಆರಿಸಿ, ಕುಕೀ, ಹಿಸ್ಟರಿ, ಕ್ಯಾಷ್ (ನೋಡಿದ ತಾಣಗಳ ಕಡತಗಳನ್ನು ಬ್ರೌಸರ್ ಡಿಸ್ಕಿನಲ್ಲಿ ಉಳಿಸಿಟ್ಟ ಪ್ರತಿ) ಮೂರನ್ನೂ ತೆಗೆದುಹಾಕಿದೆ.

ಅಂದಿನಿಂದ ಪ್ರತಿಯೊಂದು ಜಾಲತಾಣವೂ ಮತ್ತೆ ಲಾಗಿನ್ ಮತ್ತು ಒಟಿಪಿ ಕೇಳುತ್ತಿದೆ. ಅರ್ಜಿ ತುಂಬುವ ಒಂದು ತಾಣವು ಬಣ್ಣ, ಗುಂಡಿ, ಚೌಕಟ್ಟು ಯಾವುದೂ ಇಲ್ಲದೆ ಬರೀ ಅಕ್ಷರಗಳ ಸಾಲಾಗಿ ಉದ್ದಕ್ಕೆ ತೆರೆದುಕೊಳ್ಳುತ್ತದೆ. ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಕೆಲವು ತಾಣಗಳಲ್ಲಿ ಸಂಪರ್ಕ ಸುರಕ್ಷಿತವಲ್ಲವೆಂಬ ಎಚ್ಚರಿಕೆಯೂ ಬರುತ್ತದೆ. ‘ಅಡ್ವಾನ್ಸ್‌ಡ್’ ಒತ್ತಿ ಮುಂದಕ್ಕೆ ಹೋದರೆ ಕೆಲವು ತೆರೆಯುತ್ತವೆ, ಕೆಲವು ಅದಕ್ಕೂ ಒಪ್ಪುವುದಿಲ್ಲ. ಇದು ಮಳೆಗಾಲವಾದ್ದರಿಂದ ಗುಡುಗಿಗೆ ಹೆದರಿ ರಾತ್ರಿ ಮೈನ್ ಸ್ವಿಚ್ ಆರಿಸಿಯೇ ಮನೆಗೆ ಹೋಗುತ್ತೇವೆ ಎಂಬುದನ್ನು ಬಿಟ್ಟರೆ ಬೇರೆ ಯಾವ ಬದಲಾವಣೆಯನ್ನೂ ಮಾಡಿಲ್ಲ. ರಿಪೇರಿಯವರು ಫಾರ್ಮ್ಯಾಟ್ ಮಾಡಿಸಿ ಎನ್ನುತ್ತಾರೆ. ಅಷ್ಟು ದೂರ ಹೋಗಬೇಕೇ?

ಉತ್ತರ (ಮಂಗಳೂರಿನಿಂದ)

ಫಾರ್ಮ್ಯಾಟ್ ಮಾಡಿಸುವ ಅಗತ್ಯ ನನಗೆ ಕಾಣುವುದಿಲ್ಲ. ಲಾಗಿನ್ ಕೇಳುವುದು ದೋಷವೇ ಅಲ್ಲ. ನೀವು ಒಳಗೆ ಬಂದಿದ್ದೀರಿ ಎಂಬ ಗುರುತನ್ನು ಜಾಲತಾಣವು ಕುಕೀಯಲ್ಲಿ ಇಟ್ಟಿರುತ್ತದೆ. ಅದನ್ನು ಅಳಿಸಿದ ಮೇಲೆ ತಾಣಕ್ಕೆ ನೀವು ಹೊಸಬರೇ. ಜಾಗ ಉಳಿಸುವುದಷ್ಟೇ ಉದ್ದೇಶವಾಗಿದ್ದರೆ ಮುಂದಿನ ಸಲ ಚಿತ್ರ ಮತ್ತು ಕಡತಗಳ ಕ್ಯಾಷ್‌ಗೆ ಮಾತ್ರ ಟಿಕ್ ಹಾಕಿ, ಏಕೆಂದರೆ ಡಿಸ್ಕನ್ನು ತುಂಬಿಸುವುದು ಅದೇ. ಕುಕೀಗಳು ಕೆಲವು ಕಿಲೋಬೈಟ್‌ಗಳಷ್ಟು ಮಾತ್ರ ಇರುತ್ತವೆ.

ಪುಟ ಬರೀ ಅಕ್ಷರಗಳಾಗಿ ಕಾಣುವುದೆಂದರೆ ಅದರ ವಿನ್ಯಾಸವನ್ನು ಹೇಳುವ ಸಿಎಸ್‌ಎಸ್ ಕಡತ ಇಳಿದಿಲ್ಲವೆಂದು ಅರ್ಥ. ಮೊದಲು ಕಂಟ್ರೋಲ್ ಮತ್ತು ಎಫ್5 ಒಟ್ಟಿಗೆ ಒತ್ತಿ ನೋಡಿ. ಆಗ ಕ್ಯಾಷ್ ಬಿಟ್ಟು ಎಲ್ಲವೂ ಸರ್ವರಿನಿಂದಲೇ ಬರುತ್ತದೆ. ಅದರಿಂದಲೂ ಸರಿಹೋಗದಿದ್ದರೆ ಇನ್‌ಕಾಗ್ನಿಟೋ ವಿಂಡೋದಲ್ಲಿ ತೆರೆಯಿರಿ. ಅಲ್ಲಿ ಎಕ್ಸ್‌ಟೆನ್ಷನ್‌ಗಳು (ಬ್ರೌಸರಿಗೆ ನಾವು ಸೇರಿಸಿಕೊಂಡ ಚಿಕ್ಕ ಪ್ರೋಗ್ರಾಂಗಳು) ಸಾಮಾನ್ಯವಾಗಿ ಓಡುವುದಿಲ್ಲವಾದ್ದರಿಂದ, ಪುಟ ಸರಿಯಾಗಿ ಕಂಡರೆ ಜಾಹೀರಾತು ತಡೆಯುವಂಥ ಯಾವುದೋ ಎಕ್ಸ್‌ಟೆನ್ಷನ್ ಮೇಲೆ ಅನುಮಾನ ಪಡಬಹುದು.

ಉತ್ತರ (ಮಣಿಪಾಲದಿಂದ)

ಮೇಲಿನ ಉತ್ತರದಲ್ಲಿ ಲಾಗಿನ್ ಬಗ್ಗೆ ಹೇಳಿದ್ದು ಸರಿ. ಆದರೆ ಉಳಿದೆರಡು ತೊಂದರೆಗಳಿಗೆ ಟೆಂಪ್ ಫೈಲ್ ಅಳಿಸಿದ್ದು ಮೂಲ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಎಚ್ಚರಿಕೆ ಬಂದಾಗ ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಯಾವ ದಿನಾಂಕವಿದೆ ಎಂದು ನೋಡಿದ್ದೀರಾ?

ಕಂಪ್ಯೂಟರಿಗೆ ವಿದ್ಯುತ್ ಇಲ್ಲದಿರುವಾಗಲೂ ಸಮಯವನ್ನು ಕಾಯುವುದು ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಚಿಕ್ಕ ಸೆಲ್. ಪ್ಲಗ್ಗಿಗೆ ಕರೆಂಟ್ ಬರುತ್ತಿರುವಷ್ಟು ಕಾಲ ಸೆಲ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ನೀವು ಮೈನ್ ಸ್ವಿಚ್ ಆರಿಸಲು ತೊಡಗಿದ ಮೇಲೆ ಗಡಿಯಾರವು ರಾತ್ರಿಯಿಡೀ ಆ ಸೆಲ್ಲನ್ನೇ ನಂಬಬೇಕಾಗುತ್ತದೆ, ಮತ್ತು ಸೆಲ್ ಮುಗಿದಿದ್ದರೆ ಬೆಳಿಗ್ಗೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ತಾನು ಅಸಲಿ ಎಂದು ಜಾಲತಾಣವು ಬ್ರೌಸರಿಗೆ ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಕೊನೆಯ ದಿನಾಂಕಗಳಿರುತ್ತವೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಹಲವು ವರ್ಷಗಳಿಂದ ಕೊಡುತ್ತಿರುವ ಪ್ರಮಾಣಪತ್ರಗಳ ಅವಧಿ 90 ದಿನ ಮಾತ್ರ. ನಿಮ್ಮ ಗಡಿಯಾರದ ಪ್ರಕಾರ ಆ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇರದಿದ್ದರೆ ಬ್ರೌಸರ್ ಅದನ್ನು ನಂಬುವುದಾದರೂ ಹೇಗೆ?

ಬಣ್ಣವಿಲ್ಲದ ಪುಟಕ್ಕೂ ಇದೇ ಕಾರಣವಿರಬಹುದು. ‘ಅಡ್ವಾನ್ಸ್‌ಡ್’ ಒತ್ತಿ ನೀವು ಕೊಡುವ ಒಪ್ಪಿಗೆ ಆ ಒಂದು ವಿಳಾಸಕ್ಕೆ ಮಾತ್ರ ಅನ್ವಯಿಸುತ್ತದೆ. ಅನೇಕ ತಾಣಗಳು ತಮ್ಮ ಸಿಎಸ್‌ಎಸ್ ಕಡತವನ್ನು ಬೇರೆ ವಿಳಾಸದ ಸರ್ವರಿನಿಂದ ತರಿಸುತ್ತವೆ. ಅದರ ಪ್ರಮಾಣಪತ್ರವೂ ಗಡಿಯಾರಕ್ಕೆ ಹೊಂದದಿದ್ದಾಗ ಬ್ರೌಸರ್ ನಿಮ್ಮನ್ನು ಕೇಳದೆಯೇ ಅದನ್ನು ತಡೆಯುತ್ತದೆ. ಮೊದಲಾಗಿದ್ದರೆ ಆ ಕಡತ ಡಿಸ್ಕಿನ ಕ್ಯಾಷ್‌ನಲ್ಲೇ ಸಿಗುತ್ತಿತ್ತು. ಅಳಿಸಿದ್ದರಿಂದ ಆದದ್ದು ಇಷ್ಟೇ: ಗಡಿಯಾರದ ತಪ್ಪನ್ನು ಮುಚ್ಚಿಡುತ್ತಿದ್ದ ಹಳೆಯ ಪ್ರತಿ ಹೋಯಿತು.

ಗಡಿಯಾರ ತಾನಾಗಿಯೇ ಸರಿಹೋಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ಯಾವ ಕಚೇರಿಯ ಜಾಲಕ್ಕೂ ಸೇರದ ಇಂಥ ಬಿಡಿ ಕಂಪ್ಯೂಟರುಗಳಲ್ಲಿ ವಿಂಡೋಸಿನ ಸಮಯ ಸೇವೆಯು ವ್ಯತ್ಯಾಸ 54,000 ಸೆಕೆಂಡು, ಅಂದರೆ 15 ಗಂಟೆ ಮೀರಿದರೆ ತಿದ್ದದೆ ಬಿಡುವಂತೆ ಮೊದಲೇ ಹೊಂದಿಸಿರುತ್ತದೆ. ಆದ್ದರಿಂದ ದಿನಾಂಕವನ್ನು ಕೈಯಿಂದಲೇ ಹಾಕಿ, ಆಮೇಲೆ ‘ಸಿಂಕ್ ನೌ’ ಒತ್ತಿ. ಸೆಲ್ ಹೆಚ್ಚಾಗಿ ಸಿಆರ್ 2032 ಆಗಿರುತ್ತದೆ. ಪ್ಲಗ್ ಕಿತ್ತ ಮೇಲೆಯೇ ಬದಲಿಸಬೇಕು. ಅದುವರೆಗೆ ಎಚ್ಚರಿಕೆ ಬಂದ ತಾಣದಲ್ಲಿ ಬಲವಂತವಾಗಿ ಮುಂದುವರಿದು ಗ್ರಾಹಕರ ಪಾಸ್‌ವರ್ಡ್ ಹಾಕಬೇಡಿ. ಅದು ಗಡಿಯಾರದ ತಪ್ಪೋ ನಿಜವಾದ ಮೋಸವೋ ಎಂದು ಆ ಕ್ಷಣದಲ್ಲಿ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರು (ಉಡುಪಿಯಿಂದ)

ತುಂಬ ಧನ್ಯವಾದ. ಇಂದು ಬೆಳಿಗ್ಗೆ ನೋಡಿದಾಗ ಮೂಲೆಯಲ್ಲಿ 2015ನೇ ಇಸವಿ ಇತ್ತು. ದಿನಾಂಕ ತಿದ್ದಿ ಕ್ರೋಮನ್ನು ಮುಚ್ಚಿ ತೆರೆದ ಕೂಡಲೇ ಎಚ್ಚರಿಕೆ ನಿಂತಿತು, ಅರ್ಜಿಯ ಪುಟವೂ ಮೊದಲಿನಂತೆ ಕಾಣುತ್ತಿದೆ. ಸೆಲ್ ಇನ್ನಷ್ಟೇ ಹಾಕಿಸಬೇಕು. ಈಗ ಉಳಿದಿರುವುದು ಲಾಗಿನ್ ತಾಪತ್ರಯ ಮಾತ್ರ. ಪದೇ ಪದೇ ಬರುವ ಗ್ರಾಹಕರು ತಮ್ಮ ಖಾತೆ ಮೊದಲಿನಂತೆ ತೆರೆದೇ ಇರಲಿ ಎನ್ನುತ್ತಾರೆ.

ಉತ್ತರ (ಮಂಗಳೂರಿನಿಂದ)

ಆ ಒಂದು ವಿಷಯದಲ್ಲಿ ಗ್ರಾಹಕರ ಮಾತು ಕೇಳಬೇಡಿ. ಹತ್ತಾರು ಜನರ ಖಾತೆಗಳು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದೇ ಇದ್ದವು ಎನ್ನುವುದೇ ನಿಮ್ಮ ಪಟ್ಟಿಯಲ್ಲಿದ್ದ ದೊಡ್ಡ ತೊಂದರೆ, ಮತ್ತು ಕುಕೀ ಅಳಿಸಿದ್ದರಿಂದ ಅದು ತಾನಾಗಿ ಬಗೆಹರಿದಿದೆ. ಇನ್ನು ಮುಂದೆ ಗ್ರಾಹಕರ ಕೆಲಸಕ್ಕೆ ಕ್ರೋಮ್‌ನ ಪ್ರೊಫೈಲ್ ಚಿತ್ರವನ್ನು ಒತ್ತಿ ‘ಗೆಸ್ಟ್’ ವಿಂಡೋ ತೆರೆಯಿರಿ. ಕೆಲಸ ಮುಗಿದು ಅದನ್ನು ಮುಚ್ಚಿದಾಗ ಲಾಗಿನ್, ಕುಕೀ, ಹಿಸ್ಟರಿ ಎಲ್ಲವೂ ಅಳಿಯುತ್ತವೆ, ನಿಮ್ಮ ಸ್ವಂತ ಖಾತೆಗೆ ಏನೂ ಆಗುವುದಿಲ್ಲ. ಆದರೆ ಇಳಿಸಿಕೊಂಡ ಕಡತಗಳು ಮಾತ್ರ ಹೋಗುವುದಿಲ್ಲ. ಗ್ರಾಹಕರ ಆಧಾರ್, ಅಂಕಪಟ್ಟಿಗಳ ಪಿಡಿಎಫ್‌ಗಳು ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಉಳಿದಿರುತ್ತವೆ. ಸಿ ಡ್ರೈವ್ ತುಂಬಿದ್ದಕ್ಕೆ ಅವೂ ಒಂದು ಕಾರಣವಾಗಿರಬಹುದು, ಒಮ್ಮೆ ತೆರೆದು ನೋಡಿ.