ಎರ್ಗೋಸ್ಟೆರಾಲ್ ಇಲ್ಲದ ಶಿಲೀಂಧ್ರಕ್ಕೆ ಔಷಧ ಯಾವುದು? ಶ್ವಾಸಕೋಶ ತಜ್ಞೆಯೊಂದಿಗೆ ಪ್ರಶ್ನೋತ್ತರ

ಸಂಚಾಲಕರು: ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದಿಂದ ಬರುವ ನ್ಯುಮೋನಿಯಾ ಕುರಿತ ಪ್ರಶ್ನೆಗಳಿಗೆ ಶ್ವಾಸಕೋಶ ತಜ್ಞೆಯೊಬ್ಬರು ಇಲ್ಲಿ ಉತ್ತರಿಸುತ್ತಾರೆ.

ಫಾರ್ಮಸಿ ವಿದ್ಯಾರ್ಥಿ: ಮೇಡಂ, ಉಳಿದ ಶಿಲೀಂಧ್ರ ಸೋಂಕುಗಳಿಗೆ ಕೊಡುವ ಫ್ಲುಕೊನಜೋಲನ್ನು ಇದಕ್ಕೆ ಏಕೆ ಕೊಡುವುದಿಲ್ಲ?

ತಜ್ಞೆ: ಹೆಚ್ಚಿನ ಶಿಲೀಂಧ್ರಗಳ ಜೀವಕೋಶದ ಪೊರೆಯಲ್ಲಿ ಎರ್ಗೋಸ್ಟೆರಾಲ್ ಎಂಬ ಸ್ಟೆರಾಲ್, ಅಂದರೆ ಕೊಬ್ಬಿನಂಥ ವಸ್ತು, ಇರುತ್ತದೆ. ಫ್ಲುಕೊನಜೋಲಿನಂತಹ ಅಜೋಲ್ ಔಷಧಗಳು ಅದರ ತಯಾರಿಕೆಯನ್ನು ನಡುವೆಯೇ ತಡೆಯುತ್ತವೆ, ಆಂಫೋಟೆರಿಸಿನ್ ಎಂಬ ಇನ್ನೊಂದು ಶಿಲೀಂಧ್ರನಾಶಕ ನೇರವಾಗಿ ಅದಕ್ಕೇ ಅಂಟಿಕೊಳ್ಳುತ್ತದೆ. ನ್ಯುಮೋಸಿಸ್ಟಿಸ್‌ನಲ್ಲಿ ಎರ್ಗೋಸ್ಟೆರಾಲ್ ಇಲ್ಲ. ಅದರ ಪೊರೆಯಲ್ಲಿ ಹೆಚ್ಚಿರುವುದು ಕೊಲೆಸ್ಟರಾಲ್, ಅದನ್ನೂ ಅದು ನಮ್ಮ ಶ್ವಾಸಕೋಶದಿಂದಲೇ ಪಡೆಯುತ್ತದೆ. ಆದ್ದರಿಂದ ಈ ಎರಡೂ ಬಗೆಯ ಔಷಧಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಚಿಕಿತ್ಸೆಗೆ ಬಳಸುವ ಕೋಟ್ರೈಮಾಕ್ಸಜೋಲ್ ಸ್ಟೆರಾಲಿನ ಗೊಡವೆಗೇ ಹೋಗದೆ ಶಿಲೀಂಧ್ರ ಬೆಳೆಯಲು ಬೇಕಾದ ಫೋಲೇಟ್ ಎಂಬ ಜೀವಸತ್ವದ ತಯಾರಿಕೆಯನ್ನು ತಡೆಯುತ್ತದೆ.

ಸದಸ್ಯ 1: ಇಟ್ರಾಕೊನಜೋಲ್ ಆಗಬಹುದೇ?

ತಜ್ಞೆ: ಆಗದು. ಅದೂ ಅಜೋಲ್.

ರೋಗಿಯ ಮಗಳು: ಡಾಕ್ಟರೇ, ರಕ್ತನಾಳಗಳ ಉರಿಯೂತಕ್ಕಾಗಿ ನಮ್ಮ ತಂದೆಯವರು ಎರಡು ತಿಂಗಳಿಂದ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಹಾಗೂ ಸೈಕ್ಲೋಫಾಸ್ಫಮೈಡ್ ತೆಗೆದುಕೊಳ್ಳುತ್ತಿದ್ದಾರೆ. ಐದು ದಿನಗಳಿಂದ ಒಣಕೆಮ್ಮು, ಸಣ್ಣ ಜ್ವರ ಇದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮನೆಯಲ್ಲಿ ಉಳಿದಿದ್ದ ಫ್ಲುಕೊನಜೋಲ್ ಕೊಡುತ್ತಿದ್ದೇವೆ.

ತಜ್ಞೆ: ಅಮ್ಮಾ, ನಿಮ್ಮ ಪ್ರಶ್ನೆ ಓದಿ ನನಗೆ ಆತಂಕವಾಗಿದೆ. ನೀವು ಹೇಳಿದ ಎರಡೂ ಔಷಧಗಳು ಈ ಸೋಂಕಿಗೆ ದಾರಿ ಮಾಡಿಕೊಡುವಂಥವು. ಆರಂಭದಲ್ಲಿ ಎಕ್ಸ್‌ರೇ ಸಹಜವಾಗಿಯೇ ಕಾಣಬಹುದು, ಸಿಟಿ ಸ್ಕ್ಯಾನಿನಲ್ಲಿ ಮಾತ್ರ ಮಬ್ಬು ಹರಡಿರುವುದು ತಿಳಿಯುತ್ತದೆ. ಎಚ್‌ಐವಿ ಇರುವವರಲ್ಲಿ ಈ ಕಾಯಿಲೆ ವಾರಗಟ್ಟಲೆ ನಿಧಾನವಾಗಿ ಬೆಳೆಯುವುದುಂಟು. ನಿಮ್ಮ ತಂದೆಯವರಂತೆ ಪ್ರತಿರೋಧ ಶಕ್ತಿಯನ್ನು ಕುಗ್ಗಿಸುವ ಔಷಧಗಳಲ್ಲಿರುವವರಲ್ಲಿ ಕೆಲವೇ ದಿನಗಳಲ್ಲಿ ಉಸಿರಾಟ ಸೋಲುವಷ್ಟು ಬಿಗಡಾಯಿಸುತ್ತದೆ. ಮನೆಯಲ್ಲಿ ಪಲ್ಸ್ ಆಕ್ಸಿಮೀಟರ್ ಇದ್ದರೆ ಅವರು ಕುಳಿತಿರುವಾಗಲೇ ಆಮ್ಲಜನಕದ ಮಟ್ಟ ನೋಡಿ ತಿಳಿಸಿ, ಇಲ್ಲದಿದ್ದರೆ ಹುಡುಕುತ್ತಾ ಕೂರಬೇಡಿ. ಇಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ದು ನ್ಯುಮೋಸಿಸ್ಟಿಸ್ ಇರಬಹುದೇ ಎಂದು ನೇರವಾಗಿ ಕೇಳಿ. ಶ್ವಾಸಕೋಶವನ್ನು ತೊಳೆದು ತೆಗೆದ ದ್ರವದ ಪಿಸಿಆರ್ ಪರೀಕ್ಷೆಯಿಂದ ಖಚಿತವಾಗುತ್ತದೆ, ಆದರೆ ಅನುಮಾನ ಬಲವಾಗಿದ್ದರೆ ವರದಿಗೆ ಕಾಯದೆ ಚಿಕಿತ್ಸೆ ಆರಂಭಿಸುತ್ತಾರೆ. ಪ್ರೆಡ್ನಿಸೊಲೋನನ್ನು ನೀವಾಗಿ ನಿಲ್ಲಿಸಬೇಡಿ. ಇಷ್ಟು ದಿನ ತೆಗೆದುಕೊಂಡ ಮೇಲೆ ಒಮ್ಮೆಲೇ ನಿಲ್ಲಿಸಿದರೆ ಅದೇ ಪ್ರಾಣಾಪಾಯ.

ಸದಸ್ಯ 2: ನನಗೊಂದು ಸಂದೇಶ ಬಂದಿದೆ. ಹದಿನೈದು ದಿನ ಜಿಡ್ಡು ಬಿಟ್ಟು, ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಮೂಗಿಗೆ ಬಿಟ್ಟರೆ ಕೊಲೆಸ್ಟರಾಲ್ ಸಿಗದೆ ಶಿಲೀಂಧ್ರ ಸಾಯುತ್ತದಂತೆ.

ತಜ್ಞೆ: ಇದನ್ನು ಯಾರಿಗೂ ಕಳುಹಿಸಬೇಡಿ. ಊಟದಲ್ಲಿ ಜಿಡ್ಡು ಬಿಟ್ಟ ಮಾತ್ರಕ್ಕೆ ಶ್ವಾಸಕೋಶದ ಕೊಲೆಸ್ಟರಾಲ್ ಬರಿದಾಗುವುದಿಲ್ಲ, ದೇಹವೇ ಅದನ್ನು ತಯಾರಿಸುತ್ತದೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದರೆ ಅದರಿಂದಲೇ ಬೇರೊಂದು ನ್ಯುಮೋನಿಯಾ ಬರುತ್ತದೆ.

ಸದಸ್ಯ 3: ಇದಕ್ಕೆ ಲಸಿಕೆ ಇದೆಯೇ?

ನಿವೃತ್ತ ಪ್ರಯೋಗಾಲಯ ತಂತ್ರಜ್ಞ: ನಾವು ಓದುವಾಗ ಇದು ಪ್ರೋಟೋಜೋವ (ಶಿಲೀಂಧ್ರವಲ್ಲದ ಏಕಕೋಶ ಜೀವಿ) ಎಂದಿತ್ತು. ಎರ್ಗೋಸ್ಟೆರಾಲ್ ಇಲ್ಲವೆಂದು ನೀವೇ ಹೇಳಿ, ಮತ್ತೆ ಶಿಲೀಂಧ್ರ ಎನ್ನುವುದು ಸರಿಯೇ?

ಫಾರ್ಮಸಿ ವಿದ್ಯಾರ್ಥಿ: ಸರ್, 1988ರಲ್ಲೇ ಅದರ ರೈಬೋಸೋಮ್ ಆರ್‌ಎನ್‌ಎಯ ವಿನ್ಯಾಸ ಶಿಲೀಂಧ್ರಗಳ ಜೊತೆ ಹೊಂದುತ್ತದೆಂದು ತಿಳಿದಿದೆ.

ನಿವೃತ್ತ ಪ್ರಯೋಗಾಲಯ ತಂತ್ರಜ್ಞ: ಸೂಕ್ಷ್ಮದರ್ಶಕದಲ್ಲಿ ಸಾವಿರ ಸ್ಲೈಡ್ ನೋಡಿದವನಿಗೆ ನೀವು ಪಾಠ ಹೇಳಬೇಕಿಲ್ಲ.

ಫಾರ್ಮಸಿ ವಿದ್ಯಾರ್ಥಿ: ಸ್ಲೈಡ್ ನೋಡಿ ವಂಶ ತಿಳಿಯುವುದಾಗಿದ್ದರೆ ಮೊದಲೇ ತಪ್ಪಾಗುತ್ತಿರಲಿಲ್ಲ.

ಸಂಚಾಲಕರು: ಇಬ್ಬರೂ ಮಾತಿನಲ್ಲಿ ಹಿಡಿತವಿಟ್ಟುಕೊಳ್ಳಿ.

ತಜ್ಞೆ: ವಂಶವನ್ನು ಒಂದೇ ಅಣುವಿನಿಂದ ನಿರ್ಧರಿಸಲಾಗದು. ಅದರ ಸಿಸ್ಟ್‌ಗಳ (ಗಟ್ಟಿ ಕವಚದ ಹಂತದ) ಕವಚದಲ್ಲಿ ಶಿಲೀಂಧ್ರಗಳಲ್ಲಿರುವ ಬೀಟಾ-ಗ್ಲುಕನ್ ಎಂಬ ಸಕ್ಕರೆ ಸರಪಳಿ ಇದೆ. ಸ್ಟೆರಾಲಿನಲ್ಲೂ ಅದು ತನ್ನ ಗುರುತು ಬಿಟ್ಟಿದೆ: ಕೊಲೆಸ್ಟರಾಲ್ ಕದ್ದರೂ ಸ್ಟೆರಾಲ್ ಅಣುವಿನ 24ನೇ ಇಂಗಾಲಕ್ಕೆ ಮೀಥೈಲ್ ಗುಂಪು ಸೇರಿಸುವ ಕಿಣ್ವವನ್ನು ಉಳಿಸಿಕೊಂಡಿದೆ, ಅದರಿಂದ ನ್ಯುಮೋಸಿಸ್ಟೆರಾಲ್‌ನಂತಹ ಸ್ಟೆರಾಲ್‌ಗಳನ್ನು ತಾನೇ ಮಾಡಿಕೊಳ್ಳುತ್ತದೆ. ಈ ಕಿಣ್ವ ಮನುಷ್ಯರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಅದನ್ನು ಮಾತ್ರ ತಡೆಯುವ ಔಷಧ ಸಿಕ್ಕರೆ ನಮ್ಮ ಕೊಲೆಸ್ಟರಾಲ್ ತಯಾರಿಕೆಗೆ ಧಕ್ಕೆಯಾಗದೆ ಶಿಲೀಂಧ್ರಕ್ಕೆ ಪೆಟ್ಟು ಬೀಳುತ್ತದೆ ಎಂಬ ಆಸೆ ಇದೆ. ಈ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸುವುದು ಬಹಳ ಕಷ್ಟವಾದ್ದರಿಂದ ಔಷಧಗಳ ಪರೀಕ್ಷೆಯೂ ನಿಧಾನವಾಗುತ್ತದೆ.

ಸದಸ್ಯ 4: ಹಾಗಾದರೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗಿದರೆ?

ತಜ್ಞೆ: ಅದು ತಡೆಯುವ ಹಂತವೇ ಬೇರೆ. ಇದಕ್ಕಾಗಿ ಆರಂಭಿಸಲೂಬೇಡಿ, ಹೃದಯಕ್ಕೆಂದು ಬರೆದುಕೊಟ್ಟಿದ್ದರೆ ನಿಲ್ಲಿಸಲೂಬೇಡಿ.

ಸದಸ್ಯ 5: ವೊರಿಕೊನಜೋಲ್?

ತಜ್ಞೆ: ಮೇಲೆ ಓದಿ. ಮೂರನೆಯ ಬಾರಿ ಹೇಳಲಾರೆ.

ಸದಸ್ಯ 3: ಲಸಿಕೆಯ ಬಗ್ಗೆ ಕೇಳಿದ್ದೆ.

ನಿವೃತ್ತ ಪ್ರಯೋಗಾಲಯ ತಂತ್ರಜ್ಞ: ಹುಡುಗರಿಗೆ ಮರ್ಯಾದೆ ಕಲಿಸದ ಗುಂಪಿನಲ್ಲಿ ನಾನು ಇರುವುದಿಲ್ಲ.

ರೋಗಿಯ ಮಗಳು: ಡಾಕ್ಟರೇ, ಕುಳಿತಾಗ 92 ಇದೆ. ಸ್ನಾನದ ಮನೆಗೆ ಹೋಗಿ ಬಂದಾಗ 85 ತೋರಿಸಿತು.

ತಜ್ಞೆ: ಅವರನ್ನು ಇನ್ನು ನಡೆಸಬೇಡಿ, ಆಂಬುಲೆನ್ಸ್ ಕರೆಸಿ. ಎಲ್ಲಾ ಮಾತ್ರೆಗಳ ಚೀಟಿ ಜೊತೆಗಿರಲಿ, ಸಲ್ಫಾ ಔಷಧಕ್ಕೆ (ಕೋಟ್ರೈಮಾಕ್ಸಜೋಲಿನಲ್ಲಿ ಅದಿದೆ) ಹಿಂದೆ ಅಲರ್ಜಿಯಾಗಿದ್ದರೆ ಅಲ್ಲಿನ ವೈದ್ಯರಿಗೆ ಮೊದಲೇ ಹೇಳಿ.