ಸಾರು ಉಕ್ಕಿದರೆ ಒಲೆಯ ಉರಿ ಯಾಕೆ ಹಳದಿ?

ಪ್ರಶ್ನೆ (ಗೃಹಿಣಿ, ಮಂಡ್ಯ): ನೆನ್ನೆ ಬಸ್ಸಾರು ಉಕ್ಕಿ ಗ್ಯಾಸ್ ಒಲೆ ಮೇಲೆ ಚೆಲ್ಲಿತು. ನೀಲಿ ಉರಿ ಇದ್ದಕ್ಕಿದ್ದಂತೆ ಹಳದಿಯಾಯಿತು. ಸಿಲಿಂಡರ್‌ನಲ್ಲೇ ಏನೋ ಕಲಬೆರಕೆ ಅಂದುಕೊಂಡೆ. ಎಂಟನೇ ಕ್ಲಾಸಿನ ಮಗ "ಅದು ಉಪ್ಪಮ್ಮ" ಅಂತಾನೆ. ಹೌದಾ? ಹಾಗಾದರೆ ಪಟಾಕಿಯ ಕೆಂಪು, ಹಸಿರು ಎಲ್ಲಿಂದ ಬರುತ್ತದೆ? ಕೆಮಿಸ್ಟ್ರಿ ಮೇಷ್ಟ್ರು ಯಾರಾದರೂ ಹೇಳಿ.

ಉತ್ತರ (ಪಿಯು ಕೆಮಿಸ್ಟ್ರಿ ಉಪನ್ಯಾಸಕ, ಮೈಸೂರು): ಮಗನಿಗೆ ಪೂರ್ತಿ ಅಂಕ ಕೊಡಿ. ಸಾರಿನ ಉಪ್ಪಿನಲ್ಲಿರುವ ಸೋಡಿಯಂ ಮಾಡಿದ ಕೆಲಸ ಅದು.

ಹಳೆ ಮನೆಯ ಅಟ್ಟ ನೆನಪಿದೆಯಲ್ವಾ? ಪರಮಾಣುವಿನ ಒಳಗೂ ಎಲೆಕ್ಟ್ರಾನ್‌ಗಳಿಗೆ ಅಂಥ ಅಟ್ಟಗಳಿವೆ. ಉರಿಯ ಶಾಖ ಎಲೆಕ್ಟ್ರಾನನ್ನು ಅಟ್ಟಕ್ಕೆ ಎಸೆಯುತ್ತದೆ. ಅದು ಅಲ್ಲಿ ನಿಲ್ಲೋದಿಲ್ಲ, ತಕ್ಷಣ ಕೆಳಗೆ ಬೀಳುತ್ತದೆ. ಬೀಳುವಾಗ ಬಿಟ್ಟುಕೊಡುವ ಶಕ್ತಿಯೇ ಬೆಳಕು. ಎಷ್ಟು ಎತ್ತರದಿಂದ ಬಿತ್ತು ಅನ್ನೋದರ ಮೇಲೆ ಬಣ್ಣ. ಸೋಡಿಯಂನದ್ದು ಸುಮಾರು 589 ನ್ಯಾನೋಮೀಟರ್ ಅಲೆಯ ಹಳದಿ. ಲಿಥಿಯಂನ ಅಟ್ಟ ಸ್ವಲ್ಪ ತಗ್ಗು, ಬಿಡುವ ಶಕ್ತಿ ಕಮ್ಮಿ, ಅಲೆ ಉದ್ದ, ಹಾಗಾಗಿ 671ರ ಕೆಂಪು. ಒಂದೊಂದು ಧಾತುವಿನ ಅಟ್ಟದ ಎತ್ತರ ಒಂದೊಂದು ಥರ, ಇನ್ನೊಂದರದ್ದಕ್ಕೆ ಹೊಂದೋದಿಲ್ಲ. ಜರ್ಮನಿಯ ವಿಜ್ಞಾನಿಗಳಾದ ಬುನ್ಸೆನ್ ಮತ್ತು ಕಿರ್ಕಾಫ್ ಇದನ್ನೇ ಹಿಡಿದು 1860ರಲ್ಲಿ ಬುಗ್ಗೆಯ ನೀರಿನಲ್ಲಿ ಸೀಸಿಯಂ ಅನ್ನೋ ಹೊಸ ಧಾತುವನ್ನೇ ಪತ್ತೆ ಮಾಡಿದರು. ಉರಿಯ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ಬಣ್ಣ ಬೇರೆ ಮಾಡಿದಾಗ ಯಾರಿಗೂ ಗೊತ್ತಿಲ್ಲದ ನೀಲಿ ಗೆರೆಗಳು ಕಂಡವು, ಅಷ್ಟೇ ಸಾಕಾಯಿತು.

ಪಟಾಕಿಯಲ್ಲಿ ಕೆಂಪಿಗೆ ಸ್ಟ್ರಾನ್ಷಿಯಂ, ಹಸಿರಿಗೆ ಬೇರಿಯಂ, ನೀಲಿಗೆ ತಾಮ್ರ. ಅಲ್ಲಿ ಹೆಚ್ಚಾಗಿ ಹೊಳೆಯೋದು ಒಂಟಿ ಪರಮಾಣು ಅಲ್ಲ, ಕ್ಲೋರಿನ್ ಜೊತೆ ಕೂಡಿದ ಜೋಡಿ. ತಾಮ್ರದ ಜೋಡಿ ಶಾಖ ಜಾಸ್ತಿಯಾದರೆ ಮುರಿದುಹೋಗುತ್ತದೆ. ಅದಕ್ಕೇ ಒಳ್ಳೆ ನೀಲಿ ಪಟಾಕಿ ಮಾಡೋದು ಕಷ್ಟ. ಗುಜರಿಯವರು ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ವೈರ್ ಸುಡುವಾಗ ಹಸಿರು-ನೀಲಿ ಉರಿ ಬರೋದೂ ತಾಮ್ರ-ಕ್ಲೋರಿನ್ ಜೋಡಿಯಿಂದಲೇ, ಕ್ಲೋರಿನ್ ಆ ಪ್ಲಾಸ್ಟಿಕ್‌ನದ್ದು. ಆ ಹೊಗೆ ಮಾತ್ರ ವಿಷ, ಹತ್ತಿರ ನಿಲ್ಲಬೇಡಿ.

ಒಂದು ಮಾತು: ಏನೂ ಚೆಲ್ಲದೆ ಉರಿ ದಿನಾ ಹಳದಿಯಾಗಿದ್ದು ಪಾತ್ರೆ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಅದು ಬೇರೆ ಕಥೆ. ಗಾಳಿ ಸಾಲದೆ ಮಸಿಯ ಕಣಗಳು ಕಾದು ಹೊಳೆಯುತ್ತಿವೆ. ಬರ್ನರ್ ಕ್ಲೀನ್ ಮಾಡಿಸಿ.

ಪ್ರಶ್ನೆ (ಪಿಯು ವಿದ್ಯಾರ್ಥಿನಿ, ಶ್ರೀರಂಗಪಟ್ಟಣ): ಸರ್, ಲವಣದಲ್ಲಿ ಏನಿದೆ ಅಂತ ಪತ್ತೆ ಮಾಡುವ ಸಾಲ್ಟ್ ಅನಾಲಿಸಿಸ್ ಪ್ರಯೋಗದಲ್ಲಿ ನನಗೆ ಯಾವ ಲವಣ ಕೊಟ್ಟರೂ ಹಳದಿಯೇ ಬರುತ್ತೆ!

ಉತ್ತರ: ಲವಣ ಅಂಟಿಸಿ ಉರಿಗೆ ಹಿಡಿಯುವ ತಂತಿಯ ತುದಿಯನ್ನು ಬೆರಳಲ್ಲಿ ಮುಟ್ತೀಯಲ್ವಾ? ಬೆವರಿನ ಉಪ್ಪು ಸಾಕು. ಸೋಡಿಯಂ ಚಿಟಿಕೆಯಷ್ಟಿದ್ದರೂ ಸಂತೆಯಲ್ಲಿ ಮೈಕ್ ಹಿಡಿದವನ ಥರ, ಬೇರೆಯವರ ದನಿ ಕೇಳಿಸೋದಿಲ್ಲ. ನಾನೇ ಓದುವಾಗ ಪರೀಕ್ಷೆಯಲ್ಲಿ ಬೇರಿಯಂ ಕೈಯಲ್ಲಿಟ್ಟುಕೊಂಡು ಹಸಿರು ಕಾಣದೆ ಕ್ಯಾಲ್ಸಿಯಂ ಅಂತ ಬರೆದು ಬಂದವನು. ತಂತಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ, ಉರಿಗೆ ಹಿಡಿ. ಬಣ್ಣ ಬಾರದೇ ಇರುವವರೆಗೂ ಹೀಗೇ ಮಾಡು. ಆಮೇಲೆ ಲವಣ ಮುಟ್ಟಿಸು. ಮೊದಲ ಕ್ಷಣದ ಮಿಂಚನ್ನು ನಂಬಬೇಡ, ಬೇರಿಯಂನ ಹಸಿರು ನಿಧಾನಕ್ಕೆ ಬರುತ್ತದೆ. ಪೊಟ್ಯಾಸಿಯಂ ಆದರೆ ನೀಲಿ ಕೋಬಾಲ್ಟ್ ಗಾಜಿನ ಮೂಲಕ ನೋಡು. ಗಾಜು ಹಳದಿಯನ್ನು ನುಂಗುತ್ತದೆ, ಹಿಂದಿದ್ದ ತಿಳಿ ನೇರಳೆ ಕಾಣುತ್ತದೆ.

ಪ್ರಶ್ನೆ: ಮೆಗ್ನೀಸಿಯಂಗೆ ಬಣ್ಣವೇ ಇಲ್ಲವಲ್ಲ ಸರ್?

ಉತ್ತರ: ಅದರ ಅಟ್ಟ ತುಂಬಾ ಎತ್ತರ. ಮುಖ್ಯ ಬೆಳಕು 285 ನ್ಯಾನೋಮೀಟರಿನ ಅತಿನೇರಳೆ, ನಮ್ಮ ಕಣ್ಣಿಗೆ ಕಾಣೋದಿಲ್ಲ. ಪಟ್ಟಿ ಉರಿಸಿದಾಗ ಬರುವ ಬಿಳಿ ಹೊಳಪು, ಸುಟ್ಟ ಆಕ್ಸೈಡ್ ಪುಡಿ ವಿಪರೀತ ಕಾದು ಬಂದದ್ದು. ಅರಮನೆಯ ಹಳೇ ಬಲ್ಬಿನ ತಂತಿ ಕಾದು ಹೊಳೆದ ಹಾಗೆ.

ಮೊದಲು ಕೇಳಿದವರು: ಮಗ ಈಗ ಅಡುಗೆ ಸೋಡಾ ಚಿಟಿಕೆ ಉದುರಿಸಿ ನೋಡಿದ. ಅದೂ ಹಳದಿಯೇ!

ಉತ್ತರ: ಅದರಲ್ಲೂ ಸೋಡಿಯಂ ಇದೆಯಲ್ಲ. ಉಪ್ಪಾಗಲಿ ಸೋಡಾ ಆಗಲಿ, ಅಟ್ಟ ಒಂದೇ. ಆದರೆ ಒಲೆ ಮೇಲೆ ಇನ್ನು ಸಾಕು ಅನ್ನಿ, ಬರ್ನರ್ ತೊಳೆಯೋರು ನೀವು ತಾನೇ.