ಹಾಸಿಗೆ ಹಿಡಿದವರಿರುವ ಮನೆಯಲ್ಲಿ ನಗುವಿಗೆ ಜಾಗ ಹೇಗೆ ಮಾಡಿಕೊಂಡಿರಿ? ಅನುಭವ ಹೇಳಿ

ತುಮಕೂರು ಸೊಸೆ:

ನಮ್ಮ ಅತ್ತೆಯವರಿಗೆ ಸ್ಟ್ರೋಕ್ ಆಗಿ ವರ್ಷ ದಾಟಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ನಿಂತಿದೆ, ಆದರೆ ನಾವು ಹೇಳಿದ್ದು ಅರ್ಥವಾಗುತ್ತದೆ. ಯಜಮಾನರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ. ನಾನು ಮನೆಯಲ್ಲೇ ಮಾಡುತ್ತಿದ್ದ ಟ್ಯೂಷನ್ ಬಿಟ್ಟೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಗಂಜಿ, ಮಾತ್ರೆ, ಡೈಪರ್, ಫಿಸಿಯೋ. ಇಷ್ಟರಲ್ಲೇ ದಿನ ಮುಗಿಯುತ್ತದೆ. ಸ್ನೇಹಿತೆಯರು ಮೊದಮೊದಲು ಫೋನ್ ಮಾಡುತ್ತಿದ್ದರು. ಈಗ ಅವರೂ ಮಾಡುವುದಿಲ್ಲ. ನಾನೇ ಮಾಡೋಣ ಅಂದರೆ ಹೇಳಲು ಹೊಸದೇನೂ ಇಲ್ಲ.

ಮೊನ್ನೆ ಯಾವುದೋ ವಿಡಿಯೋ ನೋಡಿ ಜೋರಾಗಿ ನಕ್ಕೆ. ತಿರುಗಿದರೆ ಅತ್ತೆ ನನ್ನನ್ನೇ ನೋಡುತ್ತಿದ್ದರು. ಏನೋ ಅಪರಾಧ ಮಾಡಿದ ಹಾಗಾಯಿತು. ಇಂಥ ಮನೆಯಲ್ಲಿ ಇದ್ದವರು, ಇರುವವರು ಹೇಳಿ. ಸಂತೋಷ ಅನ್ನೋದನ್ನು ಹೇಗೆ ಉಳಿಸಿಕೊಂಡಿರಿ? "ಧ್ಯಾನ ಮಾಡಿ", "ಎರಡು ದಿನ ಎಲ್ಲಾದರೂ ಹೋಗಿ ಬನ್ನಿ" ಅಂತ ಮಾತ್ರ ಹೇಳಬೇಡಿ. ಅವೆರಡೂ ಸದ್ಯಕ್ಕೆ ಆಗುವ ಮಾತಲ್ಲ.

ಸಕಲೇಶಪುರದವ:

ನಮ್ಮ ಅಪ್ಪ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಕೂಲಿ ಲೆಕ್ಕ, ಚೀಲದ ಲೆಕ್ಕ, ಬೈಗುಳ, ಮೂರರಲ್ಲೂ ಪಳಗಿದ ಕೈ. ಅವರಿಗೂ ಹೀಗೇ ಬಲಭಾಗ ಹೋಯಿತು, ಜೊತೆಗೆ ಮಾತೂ ಹೋಯಿತು. ಹೆಚ್ಚಿನವರಿಗೆ ಮಾತಿನ ಕೇಂದ್ರ ಮೆದುಳಿನ ಎಡಗಡೆ ಇರುತ್ತದೆ. ಬಲಗೈ ಬಲಗಾಲನ್ನು ಆಡಿಸುವುದೂ ಅದೇ ಎಡಭಾಗ. ಅದಕ್ಕೇ ಎರಡೂ ಒಟ್ಟಿಗೆ ಕೈಕೊಡುವುದು ಜಾಸ್ತಿ.

ಒಂದು ದಿನ ನಾನು ಅವರ ಗಡ್ಡ ತೆಗೆಯುತ್ತಿದ್ದಾಗ ತಣ್ಣೀರು ಅಂಗಿಯೊಳಗೆ ಇಳಿಯಿತು. "ನೀರು" ಅನ್ನೋ ಎರಡಕ್ಷರಕ್ಕೆ ತಿಂಗಳುಗಟ್ಟಲೆ ಒದ್ದಾಡುತ್ತಿದ್ದ ಮನುಷ್ಯ "ಥೂ, ಕತ್ತೆ ಮಗನೆ" ಅಂತ ಸ್ಪಷ್ಟವಾಗಿ ಬೈದರು! ನಾನೂ ಅಮ್ಮನೂ ದಂಗಾಗಿ ನಿಂತೆವು. ಅಮ್ಮ ಸುಧಾರಿಸಿಕೊಂಡು "ಮಗ ಅವನಾದ್ರೆ ಕತ್ತೆ ಯಾರು?" ಅಂದರು. ಮೊದಲು ನಕ್ಕಿದ್ದು ಅಪ್ಪನೇ.

ಆಮೇಲೆ ಸ್ಪೀಚ್ ಥೆರಪಿಯವರು ವಿವರಿಸಿದರು. ಬೈಗುಳ, ಒಂದು ಎರಡು ಎಣಿಸುವುದು, ವಾರಗಳ ಹೆಸರು, ಶ್ಲೋಕ, ಹಾಡು ಇವೆಲ್ಲ ಬಾಯಿಗೆ ರೂಢಿಯಾಗಿ ಕೂತಿರುತ್ತವೆ. ಯೋಚಿಸಿ ಜೋಡಿಸುವ ಮಾತು ಹೋದರೂ ಇವು ಎಷ್ಟೋ ಜನರಲ್ಲಿ ಉಳಿಯುತ್ತವೆ. ಮಾತಾಡಲಾರದವರು ಹಾಡುವುದೂ ಉಂಟು. ನಿಮ್ಮ ಅತ್ತೆಗೆ ಬರುತ್ತಿದ್ದ ದೇವರನಾಮದ ಒಂದು ಸಾಲು ನೀವು ಹಾಡಿ, ಅರ್ಧಕ್ಕೆ ನಿಲ್ಲಿಸಿ, ಸುಮ್ನೆ ಕಾಯಿರಿ. ಬಂದರೆ ಬಂತು. ಬರದಿದ್ದರೆ ಹಾಡು ಕೇಳಿದ ಹಾಗಾಯಿತು. ನಿಮ್ಮ ಊರಿಗೆ ನಿಮ್ಹಾನ್ಸ್ ದೂರವಿಲ್ಲ, ಅಲ್ಲಿ ಮಾತಿನ ಚಿಕಿತ್ಸೆಯ ವಿಭಾಗವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ವರ್ಷ ಕಳೆದಿದೆ, ಇನ್ನೇನು ಅಂತ ಬಿಡಬೇಡಿ.

ಇನ್ನೊಂದು ಮಾತು. ಅತ್ತೆ ನಿಮ್ಮ ಕಡೆ ನೋಡಿದ್ದು ಸಿಟ್ಟಿನಿಂದ ಅಂತ ನಿಮಗೆ ಯಾರು ಹೇಳಿದರು? "ಏನೇ ಅದು, ನನಗೂ ತೋರಿಸು" ಅಂತ ಇರಬಹುದಲ್ವಾ? ದಿನವಿಡೀ ಸೂರು ನೋಡಿಕೊಂಡು ಮಲಗುವವರಿಗೆ ಮನೆಯಲ್ಲಿ ಯಾರಾದರೂ ನಗುವುದು ದೊಡ್ಡ ಸುದ್ದಿ. ಮುಂದಿನ ಸಲ ಫೋನನ್ನು ಅವರ ಕಡೆ ತಿರುಗಿಸಿ. ಎಡಗಡೆ ಹಿಡಿಯಿರಿ. ಬಲಭಾಗ ಹೋದವರಲ್ಲಿ ಕೆಲವರಿಗೆ ಬಲಗಡೆಯ ದೃಷ್ಟಿಯೂ ಕಡಿಮೆ ಆಗಿರುತ್ತದೆ.

ರಾತ್ರಿ ಪಾಳಿ:

ನಾನು ನರ್ಸ್. ಸಕಲೇಶಪುರದ ಅಣ್ಣ ಹೇಳಿದ್ದು ಸರಿ, ಒಂದು ಎಚ್ಚರಿಕೆ ಸೇರಿಸುತ್ತೇನೆ. ಸ್ಟ್ರೋಕ್ ಆದವರು ಕೆಲವರು ಕಾರಣವೇ ಇಲ್ಲದೆ ಇದ್ದಕ್ಕಿದ್ದಂತೆ ಅಳುತ್ತಾರೆ, ಇಲ್ಲವೇ ನಗುತ್ತಾರೆ. ನಿಲ್ಲಿಸಲು ಅವರಿಗೇ ಆಗುವುದಿಲ್ಲ. ಅದು ದುಃಖವೂ ಅಲ್ಲ, ಸಂತೋಷವೂ ಅಲ್ಲ, ಮೆದುಳಿಗೆ ಹಿಡಿತ ತಪ್ಪಿದ್ದು. ಅದಕ್ಕೆ ಔಷಧ ಇದೆ. ಅಂಥದ್ದು ಕಂಡರೆ ನರರೋಗದ ಡಾಕ್ಟರಿಗೆ ಹೇಳಿ. "ನನ್ನಿಂದಲೇ ಅಳ್ತಿದ್ದಾರೆ" ಅಂತ ಕೊರಗಬೇಡಿ.

ಈಗ ನಿಮ್ಮ ವಿಷಯ. ಎರಡು ವಾರ ಸತತವಾಗಿ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಅಂತಾದರೆ ಅದು ಬೇಜಾರು ಅಲ್ಲ, ಖಿನ್ನತೆ ಇರಬಹುದು. ಅದನ್ನು ಹಾಸ್ಯದಿಂದ ವಾಸಿ ಮಾಡಲು ಹೊರಡಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416. ದುಡ್ಡು ಕೊಡಬೇಕಿಲ್ಲ, 24 ಗಂಟೆಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ಆದರೂ ಎಷ್ಟೋ ಜನರಿಗೆ ಗೊತ್ತಿಲ್ಲ. ರೋಗಿಗೆ ಮಾತ್ರ ಅಲ್ಲ, ನೋಡಿಕೊಳ್ಳುವವರಿಗೂ ಅದು ಇದೆ.

ಮಂಡಕ್ಕಿ ಮಿರ್ಚಿ, ದಾವಣಗೆರೆ:

ತಂಗಿ, ನಮ್ಮ ಮನೆಯವರಿಗೆ ಡಯಾಲಿಸಿಸ್. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೂ ನಾಲ್ಕು ತಾಸು. ಒಳಗೆ ಅವರು ಮಲಗಿದರೆ ಹೊರಗೆ ಬೆಂಚಿನ ಮೇಲೆ ನಾವು ಹೆಂಡಂದಿರು, ತಾಯಂದಿರು. ಶುರುವಿನಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರ ಮಡಿಲಲ್ಲೂ ಒಂದು ಫೈಲು, ಕೈಯಲ್ಲೊಂದು ಫೋನು.

ಒಂದು ದಿನ ಪಕ್ಕದವರು ಡಬ್ಬಿ ತೆಗೆದರು, ಚಿತ್ರಾನ್ನ. "ಒಳಗಿರೋರಿಗೆ ನಿಂಬೆಹಣ್ಣೂ ಬೇಡ, ಉಪ್ಪೂ ಬೇಡ ಅಂದಿದ್ದಾರೆ, ನಮಗ್ಯಾರೂ ಅಂದಿಲ್ಲವಲ್ಲ" ಅಂತ ಎಲ್ಲರಿಗೂ ಹಂಚಿದರು. ಅಲ್ಲಿಂದ ಶುರುವಾಯಿತು ನೋಡು. ಡಯಾಲಿಸಿಸ್‌ನವರು ನೀರು ಅಳೆದು ಕುಡಿಯಬೇಕು. ನಮ್ಮ ಮನೆಯವರು ಕದ್ದು ಕುಡಿದು ಬಂದರೆ ತೂಕದಲ್ಲಿ ಸಿಕ್ಕಿಬೀಳುತ್ತಾರೆ. ಯಾರ ಗಂಡ ಎಲ್ಲಿ ಕದ್ದು ಕುಡಿದ, ಒಬ್ಬ ಮಹಾನುಭಾವ ದೇವರ ಮನೆಯ ತೀರ್ಥದ ತಂಬಿಗೆಯನ್ನೇ ಹೇಗೆ ಖಾಲಿ ಮಾಡಿದ, ಇವೇ ನಮ್ಮ ಜೋಕು. ಹೊರಗಿನವರಿಗೆ ಹೇಳಿದರೆ "ಛೇ ಪಾಪ" ಅನ್ನುತ್ತಾರೆ. ಆ ಬೆಂಚಿನವರು ಮಾತ್ರ ಹೊಟ್ಟೆ ಹಿಡಿದು ನಗುತ್ತಾರೆ. ಹಳೇ ಗೆಳತಿಯರು ಫೋನ್ ಮಾಡಲ್ಲ ಅಂತೀಯಲ್ಲ, ಅವರಿಗೆ ನಿನ್ನ ಹತ್ತಿರ ಏನು ಮಾತಾಡಬೇಕೋ ತಿಳಿಯದೆ ಸುಮ್ಮನಾಗಿರುತ್ತಾರೆ. ನಿನ್ನಂಥ ಪರಿಸ್ಥಿತಿಯವರನ್ನು ಹುಡುಕು. ಫಿಸಿಯೋ ಮಾಡಲು ಬರುವವರನ್ನೇ ಕೇಳು, ಅವರು ಹೋಗುವ ಬೇರೆ ಮನೆಗಳು ಇದ್ದೇ ಇರುತ್ತವೆ. ಆ ಮನೆಯವರು ಒಪ್ಪಿದರೆ ನಂಬರ್ ತಗೋ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬೆಂಚಿಗೆ ರೆಕ್ಕೆ ಬಂತು. ಡಯಾಲಿಸಿಸ್ ಇಲ್ಲದ ದಿನ ಆಧಾರ್ ಕಾರ್ಡ್ ಹಿಡಿದು ಕೆಂಪು ಬಸ್ ಹತ್ತಿ ಹರಿಹರಕ್ಕೆ ಹೋಗುತ್ತೇವೆ. ಹರಿಹರೇಶ್ವರನ ದರ್ಶನ, ತುಂಗಭದ್ರೆಯ ದಂಡೆಯಲ್ಲಿ ಕೂತು ಮಂಡಕ್ಕಿ, ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸ್. ಇಷ್ಟೇ. ಸೊನ್ನೆ ರೂಪಾಯಿ ಟಿಕೆಟ್ ಕೊಡುವಾಗ ಕಂಡಕ್ಟರ್ ಮುಖ ನೋಡುವುದೇ ಒಂದು ಮಜಾ.

ನಿವೃತ್ತ ಕಂಡಕ್ಟರ್, ಮೈಸೂರು:

ದಾವಣಗೆರೆ ಅಮ್ಮಾ, ಆ ಮುಖದ ಹಿಂದೆ ಎಷ್ಟು ಜನ ನಿಂತಿರುತ್ತಾರೆ ಅಂತಾನೂ ಸ್ವಲ್ಪ ನೋಡಿ!

ತುಮಕೂರು ತಾಯಿ, ನಮ್ಮ ಮನೆಯವಳಿಗೆ ಪಾರ್ಕಿನ್‌ಸನ್ ಇತ್ತು. ಆ ಕಾಯಿಲೆಯಲ್ಲಿ ಮುಖದ ಸ್ನಾಯು ಬಿಗಿಯುತ್ತವೆ. ಒಳಗೆ ನಗು ಇದ್ದರೂ ಮುಖದಲ್ಲಿ ಕಾಣುವುದಿಲ್ಲ. ನನ್ನ ಜೋಕಿಗೆ ಅವಳು ನಗುತ್ತಿಲ್ಲ ಅಂತ ನಾನು ಜೋಕು ಹೇಳುವುದನ್ನೇ ಬಿಟ್ಟಿದ್ದೆ. (ಮೊದಲೂ ಅಷ್ಟೇನು ನಗುತ್ತಿರಲಿಲ್ಲ ಅನ್ನಿ.) ಡಾಕ್ಟರ್ ಹೇಳಿದ ಮೇಲೆ ಗೊತ್ತಾಯಿತು, ಅವಳ ನಗು ಹೊಟ್ಟೆ ಕುಲುಕುವುದರಲ್ಲಿ ಇದೆ ಅಂತ. ಆಮೇಲೆ ಹೊಟ್ಟೆ ನೋಡಿ ಜೋಕು ಹೇಳುತ್ತಿದ್ದೆ.

ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬೆಳಿಗ್ಗೆ ಪಾರ್ಕಿನ ನಗೆಕೂಟಕ್ಕೆ ಹೋಗುತ್ತಿದ್ದೆ. ಇಂಥ ಕೂಟಗಳನ್ನು 1995ರಲ್ಲಿ ಮುಂಬೈನಲ್ಲಿ ಡಾಕ್ಟರ್ ಮದನ್ ಕಟಾರಿಯಾ ಐದು ಜನರನ್ನು ಕಟ್ಟಿಕೊಂಡು ಶುರು ಮಾಡಿದರು. ಮೊದಲು ದಿನಾ ಜೋಕು ಹೇಳಿ ನಗುತ್ತಿದ್ದರು. ಎರಡು ವಾರಕ್ಕೆ ಒಳ್ಳೆ ಜೋಕು ಮುಗಿದು ಕೆಟ್ಟ ಜೋಕು ಶುರುವಾದವು. ಆಗ ಜೋಕೇ ಬೇಡ, ಸುಮ್ನೆ ನಗೋಣ ಅಂತ ಮಾಡಿದರು. ನನ್ನ ಅಭಿಪ್ರಾಯ ಕೇಳಿದರೆ, ಆ "ಹೋ ಹೋ ಹಾ ಹಾ" ನನಗೆ ಇವತ್ತಿಗೂ ಮುಜುಗರ. ನಾನು ಹೋಗುತ್ತಿದ್ದದ್ದು ಅದಾದ ಮೇಲಿನ ಕಾಫಿಗೆ. ನಿಜವಾದ ನಗು ಬರುತ್ತಿದ್ದದ್ದು ಅಲ್ಲಿ. ನೀವು ಹೋಗುವುದಾದರೆ, ಹರ್ನಿಯಾ ಇರುವವರು, ಹೊಸದಾಗಿ ಆಪರೇಷನ್ ಆದವರು ಜೋರಾಗಿ ನಗುವ ಈ ವ್ಯಾಯಾಮ ಮಾಡಬಾರದು ಅನ್ನುವುದು ಗೊತ್ತಿರಲಿ.

ನೇರ ಮಾತು:

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಒಬ್ಬರೂ ಗಂಡನ ವಿಷಯ ಎತ್ತಲಿಲ್ಲ. ಪಾರ್ಕಿಗೆ ಹೋಗಿ, ಹರಿಹರಕ್ಕೆ ಹೋಗಿ ಅಂತೀರಿ. ಆ ಹೊತ್ತು ಅತ್ತೆಯ ಹತ್ತಿರ ಯಾರು?

ಅಕ್ಕಾ, ನಿಮ್ಮ ಯಜಮಾನರಿಗೆ ಭಾನುವಾರ ರಜೆ ಇರುತ್ತದೆ. ಆಕೆ ಅವರ ತಾಯಿ. ಭಾನುವಾರ ಸಂಜೆ ನಾಲ್ಕರಿಂದ ಏಳು ಅವರ ಪಾಳಿ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. "ಸ್ವಲ್ಪ ನೋಡ್ಕೊಳ್ತೀರಾ?" ಅಂತ ಕೇಳಬೇಡಿ. ಕೇಳಿದರೆ ಅದು ಉಪಕಾರ ಆಗುತ್ತದೆ, ಬರೆದರೆ ಪಾಳಿ. ನಮ್ಮ ಮನೆಯಲ್ಲಿ ಇದು ಜಗಳವಾಗಿಯೇ ಶುರುವಾಯಿತು. ಈಗ ನನ್ನ ಗಂಡ ಅವರಮ್ಮನಿಗೆ ನನಗಿಂತ ಚೆನ್ನಾಗಿ ತಲೆ ಬಾಚುತ್ತಾರೆ.

ಇನ್ನು ನಾದಿನಿಯರು. ವಿಡಿಯೋ ಕಾಲ್‌ನಲ್ಲಿ ಬಂದು "ಅಮ್ಮ ಸೊರಗಿದಾಳಲ್ಲ ಅತ್ತಿಗೆ" ಅನ್ನುವವರು. ಆ ಮಾತು ಬಂದ ಕೂಡಲೇ "ಹೌದು, ಈ ತಿಂಗಳು ಹತ್ತು ದಿನ ಬಂದು ಇದ್ದು ಹೋಗಿ" ಅನ್ನಬೇಕು. ಒಂದೋ ಬರುತ್ತಾರೆ, ಇಲ್ಲ ಆ ಮಾತು ನಿಲ್ಲುತ್ತದೆ. ಎರಡೂ ಲಾಭವೇ.

ಡಬ್ಲಿನ್ ಮಳೆ:

ನಾನು ಆ ವಿಡಿಯೋ ಕಾಲ್ ಕಡೆಯವನು! ಅಮ್ಮ ಉಡುಪಿಯಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದಾರೆ. ದೂರ ಇರುವವರಿಂದಲೂ ಕೆಲಸ ತೆಗೆಸಬಹುದು ಅಂತ ಹೇಳಲು ಬರೆಯುತ್ತಿದ್ದೇನೆ. ಅತ್ತಿಗೆ ಒಂದು ದಿನ ನನಗೆ ನೇರವಾಗಿ ಹೇಳಿದರು, "ವಿಚಾರಿಸುವುದು ಸಾಕು, ಅರ್ಧ ಗಂಟೆ ಕೂತ್ಕೋ" ಅಂತ. ಈಗ ಉಡುಪಿಯ ಸಂಜೆ ಏಳಕ್ಕೆ ಫೋನನ್ನು ಸ್ಟ್ಯಾಂಡಿಗೆ ಹಾಕಿ ಅಣ್ಣ ಅತ್ತಿಗೆ ವಾಕಿಂಗ್ ಹೋಗುತ್ತಾರೆ. ನಾನು ಇಲ್ಲಿಂದ ಪೇಪರ್ ಓದುತ್ತೇನೆ, ಯಾರ ಮನೆಯ ಮದುವೆ ಮುರಿಯಿತು ಅಂತ ಅಮ್ಮ ಹೇಳುತ್ತಾರೆ. ಏನಾದರೂ ಆದರೆ ಪಕ್ಕದ ಮನೆಗೆ ಫೋನ್ ಮಾಡುವುದು ನನ್ನ ಜವಾಬ್ದಾರಿ. ಆ ನಂಬರ್ ನನ್ನ ಹತ್ತಿರ ಇದೆ.

ಸ್ನೇಹದ ಬಗ್ಗೆ ಒಂದು ಮಾತು. ದಾವಣಗೆರೆ ಅಕ್ಕ ಹೊಸಬರನ್ನು ಹುಡುಕಿ ಅಂದರು. ಹುಡುಕಿ, ಆದರೆ ಹಳಬರನ್ನು ಬಿಡಬೇಡಿ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರಿಚಯ ಸಾಧಾರಣ ಸ್ನೇಹ ಆಗಲು ಸುಮಾರು 50 ಗಂಟೆ ಜೊತೆಗೆ ಕಳೆಯಬೇಕು, ಆಪ್ತ ಸ್ನೇಹ ಆಗಲು 200 ಗಂಟೆಗೂ ಜಾಸ್ತಿ ಬೇಕು ಅನ್ನುವುದು ಅದರ ಲೆಕ್ಕ. ನಿಮ್ಮ ಹಳೆ ಗೆಳತಿಯರ ಖಾತೆಯಲ್ಲಿ ಆ ಗಂಟೆಗಳು ಆಗಲೇ ಜಮಾ ಆಗಿವೆ. ಹೇಳಲು ಹೊಸದೇನೂ ಬೇಕಿಲ್ಲ. ನಗುವಿನ ಬಗ್ಗೆಯೇ ಸಂಶೋಧನೆ ಮಾಡಿದ ರಾಬರ್ಟ್ ಪ್ರೊವೈನ್ ಜನರ ಮಾತುಕತೆ ಕದ್ದು ಕೇಳಿ ಬರೆದುಕೊಂಡರು. ನಗುವಿನಲ್ಲಿ ಹೆಚ್ಚಿನ ಪಾಲು ಜೋಕಿಗೆ ಬಂದದ್ದಲ್ಲ, "ಸರಿ, ಆಮೇಲೆ ಸಿಗೋಣ" ಅನ್ನುವಂಥ ಮಾಮೂಲಿ ಮಾತಿಗೆ ಬಂದದ್ದು. ಟಿವಿ, ಪುಸ್ತಕ ಯಾವುದೂ ಇಲ್ಲದಿದ್ದಾಗ ಮನುಷ್ಯ ಒಬ್ಬನೇ ಇರುವುದಕ್ಕಿಂತ ಜನರ ಜೊತೆ ಇರುವಾಗ 30 ಪಟ್ಟು ಜಾಸ್ತಿ ನಗುತ್ತಾನೆ ಅಂತಲೂ ಅವರಿಗೆ ಕಂಡಿತು. ಹಾಗಾಗಿ ನಗು ಎಲ್ಲಿ ಹೋಯಿತು ಅಂತ ಒಬ್ಬರೇ ಹುಡುಕಬೇಡಿ. ಜನರನ್ನು ಕರೆಯಿರಿ.

ತುಮಕೂರು ಸೊಸೆ:

ಎಲ್ಲರದ್ದೂ ಓದಿದೆ. ಭಾನುವಾರದ ಪಾಳಿ ವಿಷಯ ರಾತ್ರಿ ಹೇಳಿದೆ. ಅವರು ಬೇಡ ಅನ್ನಲಿಲ್ಲ. "ನನಗೆ ಬರಲ್ಲ, ಅಮ್ಮನಿಗೆ ನೋವಾದರೆ?" ಅಂದರು. ಅದೂ ನಿಜ ಅನ್ನಿಸಿತು. ಏನು ಹೇಳಿಕೊಡಲಿ?

ರಾತ್ರಿ ಪಾಳಿ:

ಮೂರೇ ಹೇಳಿಕೊಡಿ. ಮಗ್ಗುಲು ಬದಲಿಸುವಾಗ ಸ್ವಾಧೀನವಿಲ್ಲದ ಕೈಯನ್ನು ಹಿಡಿದು ಎಳೆಯಬಾರದು. ಭುಜದ ಕೀಲು ಜಾರುತ್ತದೆ. ಭುಜ ಮತ್ತು ಸೊಂಟದ ಹಿಂದೆ ಕೈಯಿಟ್ಟು ಹೊರಳಿಸಬೇಕು. ಎರಡನೆಯದು, ಮಲಗಿಸಿಕೊಂಡು ತಿನ್ನಿಸಬಾರದು. ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ ಕೊಡಬೇಕು. ತಿಂದ ಮೇಲೂ ಅರ್ಧ ಗಂಟೆ ಕೂತಿರಲಿ. ತೆಳ್ಳಗಿನ ನೀರು ಕೆಮ್ಮು ಬರಿಸಿದರೆ ಡಾಕ್ಟರನ್ನು ಕೇಳಿ, ಗಟ್ಟಿ ಮಾಡಿ ಕೊಡುವ ವಿಧಾನ ಇದೆ. ಮೂರನೆಯದು, ಬೆನ್ನು, ಸೊಂಟ, ಹಿಮ್ಮಡಿ ಕೆಂಪಾಗಿದೆಯಾ ಅಂತ ಹೊರಳಿಸಿದಾಗಲೆಲ್ಲ ನೋಡಬೇಕು.

ಮೊದಲ ಭಾನುವಾರ ನೀವು ಪಕ್ಕದಲ್ಲಿ ನಿಂತು ತೋರಿಸಿ. ಎರಡನೇ ಭಾನುವಾರ ಅಡುಗೆಮನೆಯಲ್ಲಿರಿ, ಕರೆದರೆ ಮಾತ್ರ ಬನ್ನಿ. ಮೂರನೆಯ ಭಾನುವಾರ ಗೆಳತಿಯ ಮನೆಗೆ ಹೋಗಿ.

ನೇರ ಮಾತು:

ಫೋನ್ ಆನ್ ಇರಲಿ ಅಕ್ಕಾ. ಆದರೆ "ಟವೆಲ್ ಎಲ್ಲಿದೆ" ಅಂತ ಫೋನ್ ಬಂದೇ ಬರುತ್ತದೆ. ನಿಜವಾದ ತೊಂದರೆ ಇದ್ದರೆ ಬೆನ್ನಿಗೇ ಇನ್ನೊಂದು ಸಲ ಮಾಡಿ ಅಂತ ಮೊದಲೇ ಹೇಳಿಟ್ಟಿರಿ. ಒಂದೇ ಸಲ ಬಂದು ನಿಂತರೆ ತಿರುಗಿ ಮಾಡಬೇಡಿ. ಟವೆಲ್ ಅವರಿಗೇ ಸಿಗುತ್ತದೆ.